ಪಾದ್ರಿಗೆ ವರ್ಷಕ್ಕೊಂದು ಹಾರ, ನಡೆದ ದಾರಿ ಯಾರಿಗೂ ಬೇಡ!

ಹಂಪನಕಟ್ಟೆಯಿಂದ ಹೊರಟ ಸಿಟಿ ಬಸ್ಸು ಜ್ಯೋತಿ ದಾಟಿ ಬಲ್ಮಠದ ಏರು ಹತ್ತುವಾಗ ಒಮ್ಮೆ ಗೇರು ಬದಲಿಸಿ ಏದುಸಿರು ಬಿಡುತ್ತದೆ. ನಿಂತವರು ಹಿಂದಕ್ಕೆ ವಾಲುತ್ತಾರೆ. ‘ಬಲ್ಮಠ ಯಾರುಂಟು, ಬಲ್ಮಠ’ ಅಂತ ಕಂಡಕ್ಟರ ಕೂಗು. ಇಳಿಯುವವರಿಗೆ ಆಫೀಸಿನ ಗಡಿಬಿಡಿ, ಕಾಲೇಜಿನ ಗಡಿಬಿಡಿ. ಕೈಯಲ್ಲಿ ಮಡಚಿದ ಪೇಪರು. ಕನ್ನಡದ ಮೊಟ್ಟಮೊದಲ ಪೇಪರಿಗೂ ಈ ಗುಡ್ಡಕ್ಕೂ ಇರುವ ನಂಟು ಆ ಹೊತ್ತಿಗೆ ಯಾರಿಗೆ ನೆನಪಾಗಬೇಕು?

ನೆನಪಾಗುವುದು ವರ್ಷಕ್ಕೊಂದೇ ದಿನ, ಜುಲೈ 1ಕ್ಕೆ. 1843ರ ಆ ದಿನ ‘ಮಂಗಳೂರ ಸಮಾಚಾರ’ ಹೊರಬಿತ್ತು. ಹಾಗಾಗಿ ರಾಜ್ಯದಲ್ಲಿ ಅದು ಪತ್ರಿಕಾ ದಿನ. ಸಭೆ ನಡೆಯುತ್ತದೆ, ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಪಟಕ್ಕೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ, ಚಾ-ತಿಂಡಿ ಆಗುತ್ತದೆ. ಕನ್ನಡದ ಮೇಲಿನ ಪ್ರೀತಿಯಿಂದ ಆ ಮನುಷ್ಯ ಸಮುದ್ರ ದಾಟಿ ಬಂದ ಅಂತ ಭಾಷಣಕಾರರು ಹೇಳುವುದುಂಟು. ಚಪ್ಪಾಳೆಗೆ ಅದು ಸರಿ. ಚರಿತ್ರೆಗೆ ಸರಿಯಲ್ಲ.

ಮೊಗ್ಲಿಂಗ್ ಬಂದದ್ದು ಪತ್ರಿಕೆ ನಡೆಸಲಿಕ್ಕಲ್ಲ, ಜನರನ್ನು ಕ್ರಿಸ್ತನ ಮತಕ್ಕೆ ಸೇರಿಸಲಿಕ್ಕೆ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. 1836ರಲ್ಲಿ ಬಂದವರು 1860ರಲ್ಲಿ ಹೋದರು. ನಡುವೆ ಒಮ್ಮೆ ಊರಿಗೆ ಹೋಗಿ ಬಂದದ್ದು ಬಿಟ್ಟರೆ ಸುಮಾರು ಇಪ್ಪತ್ತನಾಲ್ಕು ವರ್ಷದ ಲೆಕ್ಕ. ಪತ್ರಿಕೆ ಮಂಗಳೂರಲ್ಲಿ ಅಚ್ಚಾದದ್ದು ಒಂದು ವರ್ಷವೂ ಇಲ್ಲ. ಉಳಿದ ವರ್ಷಗಳು ಎಲ್ಲಿ ಹೋದವು? ಯಾವ ಊರು ಹತ್ತಿದರು, ಯಾವ ಘಾಟಿ ಇಳಿದರು, ಯಾರ ಮನೆ ಕಟ್ಟಿತು, ಯಾರ ಮನೆ ಒಡೆಯಿತು? ಹಾರ ಹಾಕುವವರು ಅದನ್ನು ಕೇಳುವುದು ಕಡಮೆ.

ಹಡಗಿನ ದಾರಿ

ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಗಡಿ ದಾಟಿದರೆ ಜರ್ಮನಿ. ಅಲ್ಲಿನ ವ್ಯುರ್ಟೆಂಬರ್ಗ್ ಸೀಮೆಯ ಭಕ್ತ ಕುಟುಂಬಗಳ ಹುಡುಗರೇ ಈ ಮಿಶನ್ನಿಗೆ ಹೆಚ್ಚಾಗಿ ಸೇರುತ್ತಿದ್ದರು. ಈಸ್ಟ್ ಇಂಡಿಯಾ ಕಂಪೆನಿ ಬೇರೆ ದೇಶದ ಪಾದ್ರಿಗಳಿಗೆ ಇಲ್ಲಿ ಸಲೀಸಾಗಿ ಬಾಗಿಲು ತೆರೆದಿರಲಿಲ್ಲ. 1833ರ ಚಾರ್ಟರ್ ಕಾಯಿದೆ ಬಂದ ಮೇಲೆ ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ ಮೊಗ್ಲಿಂಗ್.

ಹುಟ್ಟಿದ್ದು 1811ರಲ್ಲಿ, ಬ್ರಾಕನ್‌ಹೈಮ್ ಎಂಬ ಚಿಕ್ಕ ಊರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ್ದರು. ಊರಲ್ಲೇ ಒಂದು ಸಭೆ ನೋಡಿಕೊಂಡು, ಸಂಬಳ ತೆಗೆದುಕೊಂಡು, ಸುಖವಾಗಿ ಇರಬಹುದಿತ್ತು. ಇರಲಿಲ್ಲ.

ಆಗ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಯೂರೋಪಿನಿಂದ ಇಲ್ಲಿಗೆ ಬರಬೇಕಾದರೆ ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಕೂರಬೇಕು. ಇಲ್ಲವೇ ಈಜಿಪ್ಟಿನಲ್ಲಿ ಇಳಿದು, ಮರಳುಗಾಡು ದಾಟಿ, ಕೆಂಪು ಸಮುದ್ರದಲ್ಲಿ ಇನ್ನೊಂದು ಹಡಗು ಹತ್ತಬೇಕು. ಈಗ ಬಜಪೆಯಲ್ಲಿ ವಿಮಾನ ಹತ್ತಿ ಗಲ್ಫಿಗೆ ಹೋಗುವವರು ಅರ್ಧ ಗಂಟೆ ತಡವಾದರೆ ಗಲಾಟೆ ಮಾಡುತ್ತಾರೆ. ಆ ಕಾಲದಲ್ಲಿ ಹೊರಟವರು ಮನೆಯವರಿಗೆ ಕೊನೆಯ ನಮಸ್ಕಾರ ಹೇಳಿಯೇ ಹೊರಡುತ್ತಿದ್ದರು. ಜ್ವರವೋ ಭೇದಿಯೋ ತಾಗಿ ಇಲ್ಲೇ ಮಣ್ಣಾದ ಪಾದ್ರಿಗಳು ಒಬ್ಬಿಬ್ಬರಲ್ಲ.

ಬಂದಿಳಿದ ಕಾಲವೂ ತಣ್ಣಗಿರಲಿಲ್ಲ. 1837ರ ಎಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಕಂಪೆನಿಯವರನ್ನು ಓಡಿಸಿ ಮಂಗಳೂರು ಹಿಡಿಯಿತು. ಬಾವುಟಗುಡ್ಡೆಯಲ್ಲಿ ಬಾವುಟ ಹಾರಿದ್ದು ಆಗಲೇ. ಕೆಲವೇ ದಿನದ ರಾಜ್ಯ ಅದು. ಆಮೇಲೆ ಕಂಪೆನಿ ಸೇನೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣು ಬಿತ್ತು. ಬಿಳಿ ಚರ್ಮದವನನ್ನು ಕಂಡರೆ ಊರವರಿಗೆ ಏನನ್ನಿಸುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗದಗ ಸೀಮೆಯ ಆಸೆ

ಮೊಗ್ಲಿಂಗರ ಮೊದಲ ದೊಡ್ಡ ತಿರುಗಾಟ ಘಟ್ಟದ ಮೇಲಕ್ಕೆ. 1837ರಲ್ಲಿ ಧಾರವಾಡದಲ್ಲಿ ಮಿಶನ್ನಿನ ಠಾಣೆ ಶುರುವಾಯಿತು. ಅದಕ್ಕೆ ಹೋದವರಲ್ಲಿ ಇವರೊಬ್ಬರು. ಕರಾವಳಿಯಲ್ಲಿ ಜಾತಿಗೊಂದು ಭಾಷೆ: ತುಳು, ಕೊಂಕಣಿ, ಮಲಯಾಳ, ಬ್ಯಾರಿ. ಘಟ್ಟ ಹತ್ತಿದರೆ ಎಲ್ಲಿ ನೋಡಿದರೂ ಕನ್ನಡ. ಕನ್ನಡದ ಹರವು ಎಷ್ಟು ಎಂಬುದು ಕಣ್ಣಿಗೆ ಬೀಳುವುದು ಅಲ್ಲೇ.

ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಆಗ ಕಾಲಜ್ಞಾನದ ಮಾತು ನಂಬಿದ ಒಂದು ಪಂಥ ಇತ್ತು. ತಮ್ಮ ಹಳೇ ಗ್ರಂಥದಲ್ಲಿ ಹೇಳಿದ ಗುರುಗಳು ಈ ಬಿಳಿಯರೇ ಇರಬಹುದೋ ಅಂತ ಅವರಲ್ಲಿ ಕೆಲವರಿಗೆ ಅನ್ನಿಸಿತು. ಪಾದ್ರಿಗಳಿಗೋ, ಬಲೆ ಬೀಸುವ ಮೊದಲೇ ಮೀನು ದಡಕ್ಕೆ ಬಂದಷ್ಟು ಸಂತೋಷ! ಊರಿಗೆ ಊರೇ ಬರುತ್ತದೆಂದು ನಂಬಿ 1841ರಲ್ಲಿ ಮಳಸಮುದ್ರದಲ್ಲಿ ಜಮೀನು ಮಾಡಿದರು, ಬರುವವರಿಗೆ ಬೇಸಾಯಕ್ಕೆ ಇರಲಿ ಅಂತ. ಜನ ಬಂದರು, ಕೇಳಿದರು, ಹೋದರು. ನಿಂತವರು ಬೆರಳೆಣಿಕೆ. ಲೆಕ್ಕ ಪೂರ್ತಿ ತಪ್ಪಿತ್ತು.

ಅಂಗಡಿ ಇಟ್ಟವರಿಗೆ ಇದು ಗೊತ್ತಿರುವ ವಿಷಯ. ಬಾಗಿಲಲ್ಲಿ ನಿಂತು ಸೀರೆಯ ಬೆಲೆ ಕೇಳಿದವರೆಲ್ಲ ಗಿರಾಕಿ ಅಲ್ಲ.

ಕಲ್ಲಿನ ಮೇಲೆ ಸುದ್ದಿ

ಮಂಗಳೂರಿಗೆ ವಾಪಸಾದ ಮೊಗ್ಲಿಂಗ್ ಹುಡುಗರ ಒಂದು ಶಾಲೆ ಇಟ್ಟುಕೊಂಡರು. ಅವರ ಜೊತೆಯೇ ವಾಸ, ಅವರ ಜೊತೆಯೇ ಊಟ. ಕನ್ನಡ ಬಾಯಿಗೆ ಹತ್ತಿದ್ದು ಪಂಡಿತರ ಪಾಠಕ್ಕಿಂತ ಈ ಹುಡುಗರ ಮಾತಿನಿಂದಲೇ ಇರಬೇಕು. ಗಾದೆ ಕೇಳಿದಲ್ಲೆಲ್ಲ ಗುರುತು ಹಾಕಿಕೊಂಡು ಸಾವಿರಗಟ್ಟಲೆ ಕೂಡಿಸಿದರು.

ಶಾಲೆಗೆ ಪುಸ್ತಕ ಬೇಕು. 1841ರಲ್ಲಿ ಮೊಗ್ಲಿಂಗರ ಬಂಧುವೂ ಜೊತೆಗಾರರೂ ಆದ ಗಾಟ್‌ಫ್ರೀಡ್ ವೈಗ್ಲೆ ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರ ತಂದರು. ಮೊಳೆ ಜೋಡಿಸುವ ಅಚ್ಚಲ್ಲ ಇದು. ಜಿಡ್ಡಿನ ಮಸಿಯಲ್ಲಿ ಕೈಬರಹದಲ್ಲೇ ಪುಟ ಬರೆಯಬೇಕು, ಅದನ್ನು ನುಣುಪು ಕಲ್ಲಿನ ಮೇಲೆ ಒತ್ತಬೇಕು. ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ ಜಿಡ್ಡು ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದ. ಕಾಗದ ಎತ್ತಿದರೆ ಪುಟ. ಗ್ರೈನರ್ ಮಾಡಿದ ಮತ್ತಾಯನ ಸುವಾರ್ತೆಯ ತುಳು ಅನುವಾದ 1842ರಲ್ಲಿ ಅಚ್ಚಾಗಿ ಬಂತು. ಲಿಪಿ ಕನ್ನಡದ್ದು, ಮಾತು ತುಳು.

ಮರುವರ್ಷ ‘ಮಂಗಳೂರ ಸಮಾಚಾರ’. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಪತ್ರಿಕೆ ಯಾಕೆ ಬೇಕು ಅಂತ ಮೊದಲ ಸಂಚಿಕೆಯಲ್ಲೇ ಹೇಳಿದ್ದಾರೆ. ಅದರ ತಾತ್ಪರ್ಯ ಇಷ್ಟು: ಮಂಗಳೂರಿನವರಿಗೆ ಸುದ್ದಿಯ ಆಸೆ ಬಹಳ, ಆದರೆ ಅವರ ಕಿವಿಗೆ ಬೀಳುವುದು ಬರೀ ಗಾಳಿಮಾತು. ಯಾರೋ ಒಬ್ಬ ಏನೋ ಹುಟ್ಟಿಸುತ್ತಾನೆ, ಊರೆಲ್ಲ ನಂಬುತ್ತದೆ, ಮರುದಿನ ಸುಳ್ಳು ಅಂತ ಗೊತ್ತಾಗುತ್ತದೆ, ಅಷ್ಟರಲ್ಲಿ ಇನ್ನೊಂದು ಹುಟ್ಟಿರುತ್ತದೆ. ಆದ್ದರಿಂದ ನಿಜವಾದದ್ದನ್ನು ಬರೆದು ಕೊಡುತ್ತೇವೆ ಅಂತ.

ಊರ ಸುದ್ದಿ, ಸರ್ಕಾರದ ಹುಕುಂ, ಪರದೇಶದ ವರ್ತಮಾನ, ನೀತಿಕತೆ. ಇಷ್ಟು ಸರಕು. ಹದಿನಾರು ಸಂಚಿಕೆ ಇಲ್ಲಿ ಬಂತು. 1844ರಲ್ಲಿ ಅದನ್ನು ಬಳ್ಳಾರಿಗೆ ಸಾಗಿಸಿದರು. ಅಲ್ಲಿ ಮೊಳೆಯಚ್ಚು ಇತ್ತು. ಹೆಸರು ‘ಕನ್ನಡ ಸಮಾಚಾರ’ ಅಂತ ಬದಲಾಯಿತು. ಹೆಚ್ಚು ಕಾಲ ಬಾಳಲಿಲ್ಲ. ಗಾಳಿಮಾತು ಮಾತ್ರ ಬಾಳಿತು, ಈಗ ಮೊಬೈಲಿನಲ್ಲಿ ಬರುತ್ತದೆ.

ಒಂದು ಮನೆಯ ಒಡಕು

ಸಭೆಗಳಲ್ಲಿ ಪತ್ರಿಕೆಯ ಕತೆ ಬರುತ್ತದೆ. ಅದೇ ತಿಂಗಳುಗಳಲ್ಲಿ ನಡೆದ ಇನ್ನೊಂದು ಕತೆ ಬರುವುದಿಲ್ಲ.

ಆನಂದರಾವ್ ಕೌಂಡಿನ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ. 1825ರಲ್ಲಿ ಹುಟ್ಟಿದವನು. ಮಿಶನ್ನಿನವರ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ. ಮದುವೆಯೂ ಆಗಿತ್ತು. 1844ರ ಜನವರಿಯಲ್ಲಿ ಸ್ನೇಹಿತರ ಜೊತೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಗುರುವಿನ ಹೆಸರನ್ನೇ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ.

ಊರು ಕುದಿಯಿತು. ಕುದಿಯದೆ ಇರುತ್ತದೆಯೇ? ಇಂಗ್ಲಿಷ್ ಕಲಿತು ಕಚೇರಿಯಲ್ಲಿ ಕೆಲಸ ಹಿಡಿಯಲಿ ಅಂತ ಶಾಲೆಗೆ ಕಳಿಸಿದ ಮಗ ಜಾತಿ ಬಿಟ್ಟು ಬಂದರೆ ಆ ತಾಯಿ ನೆರೆಕರೆಯವರಿಗೆ ಮುಖ ತೋರಿಸುವುದು ಹೇಗೆ? ಶಾಲೆ ಅಂತ ಹೇಳಿ ಮತಕ್ಕೆ ಎಳೆದರು ಅಂತ ಊರವರ ದೂರು. ಯಾರನ್ನೂ ಕೈಹಿಡಿದು ಎಳೆದಿಲ್ಲ, ಓದಿ ತಿಳಿದು ತಾನೇ ಬಂದ ಅಂತ ಮಿಶನ್ನಿನವರ ಉತ್ತರ. ಎರಡರಲ್ಲೂ ಸತ್ಯ ಉಂಟು. ಹತ್ತೊಂಬತ್ತರ ಹುಡುಗ ಎಳೆಮಗು ಅಲ್ಲ, ನಿಜ. ಆದರೆ ಅವನ ಗುರು ಮೂವತ್ತು ದಾಟಿದ, ನಾಲ್ಕು ಭಾಷೆ ಓದಿದ, ಮನಸ್ಸು ಗೆಲ್ಲಲೆಂದೇ ಸಮುದ್ರ ದಾಟಿ ಬಂದ ಮನುಷ್ಯ. ಅದೂ ನಿಜವೇ.

ಹೆಂಡತಿ ಅವನ ಜೊತೆ ಬರಲಿಲ್ಲ, ತವರಲ್ಲೇ ಉಳಿದಳು. ಗಂಡ ಬದುಕಿದ್ದೂ ಇಲ್ಲದ ಹಾಗೆ. ವಿಧವೆಯಲ್ಲ, ಮುತ್ತೈದೆಯೂ ಅಲ್ಲ. ಆ ಕಾಲದ ಬ್ರಾಹ್ಮಣರ ಮನೆಯಲ್ಲಿ ಅಂಥ ಹೆಣ್ಣಿನ ಪಾಡು ಏನು ಅಂತ ಅಜ್ಜಿಯಂದಿರನ್ನು ಕೇಳಿದವರಿಗೆ ಗೊತ್ತು. ಜುಲೈ 1ರ ಸಭೆಯಲ್ಲಿ ಆಕೆಯ ಸುದ್ದಿ ಬರುವುದಿಲ್ಲ.

1846ರಲ್ಲಿ ಮೊಗ್ಲಿಂಗ್ ಈ ಹುಡುಗನನ್ನು ಕರೆದುಕೊಂಡು ಯೂರೋಪಿಗೆ ಹೋದರು. ಸಮುದ್ರ ದಾಟಿದರೆ ಜಾತಿ ಹೋಯಿತು ಎನ್ನುವ ಕಾಲ. ಹೋಗಲು ಇವನಲ್ಲಿ ಉಳಿದ ಜಾತಿ ಇರಲಿಲ್ಲ. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಅಭಿಷೇಕ ಹೊಂದಿ, ಪಾದ್ರಿಯಾಗಿ ತನ್ನ ಊರಿಗೇ ಬಂದ. ಜರ್ಮನಿಯಿಂದ ಮಂಗಳೂರಿಗೆ ಪಾದ್ರಿಗಳು ಬಂದದ್ದೇ ಎಲ್ಲರಿಗೂ ಗೊತ್ತು. ಮಂಗಳೂರಿನವನೊಬ್ಬ ಬಾಸೆಲ್‌ಗೆ ಹೋಗಿ ಪಾದ್ರಿಯಾಗಿ ಬಂದದ್ದು ಎಷ್ಟು ಜನಕ್ಕೆ ಗೊತ್ತು?

ದಾಸರ ಪದಕ್ಕೆ ಪಾದ್ರಿಯ ಅಚ್ಚು

ಕೌಂಡಿನ್ಯನಿಗಿಂತ ಮೊದಲೇ ಮೊಗ್ಲಿಂಗ್ ವಾಪಸು ಬಂದಿದ್ದರು. ಬಂದವರು ಕೈ ಹಾಕಿದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಗೆ. ಓಲೆಗರಿಯಲ್ಲಿ, ಕೈಬರಹದ ಕಟ್ಟುಗಳಲ್ಲಿ ಇದ್ದ ಹಳಗನ್ನಡ-ನಡುಗನ್ನಡ ಕಾವ್ಯಗಳನ್ನು ಹುಡುಕಿ ಕಲ್ಲಚ್ಚಿನಲ್ಲಿ ಒತ್ತುವ ಕೆಲಸ. ಖರ್ಚಿಗೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ಕಂಪೆನಿ ಸರ್ಕಾರದ ನಿವೃತ್ತ ಅಧಿಕಾರಿ. 1848ರಿಂದ 1853ರ ತನಕ ಜೈಮಿನಿ ಭಾರತ, ಬಸವಪುರಾಣ ಮುಂತಾದವು ಹೊರಬಂದವು. 1850ರಲ್ಲಿ ದಾಸರ ಪದಗಳು. ತಂಬೂರಿ ಹಿಡಿದು ಮನೆಮನೆಗೆ ಬರುವವರ ಬಾಯಲ್ಲಿದ್ದ ಪುರಂದರದಾಸರನ್ನು ಪುಸ್ತಕಕ್ಕೆ ಇಳಿಸಿದ್ದು ವಿಠಲನ ಭಕ್ತರಲ್ಲ, ವಿಠಲನನ್ನು ಒಪ್ಪದ ಪಾದ್ರಿ!

ಯಾಕೆ ಮಾಡಿದರು? ಸ್ವಾರ್ಥ ಇಲ್ಲದೆ ಇಲ್ಲ. ಜನರ ಭಾಷೆಯಲ್ಲಿ ಬೈಬಲ್ ಹೇಳಬೇಕಾದರೆ ಜನ ಯಾವ ಮಾತಿಗೆ ಕರಗುತ್ತಾರೆ ಎಂದು ತಿಳಿಯಬೇಕು. ಹೊಸ ಪಾದ್ರಿಗಳಿಗೆ ಪಾಠಕ್ಕೆ ಪುಸ್ತಕ ಬೇಕು. ಎದುರಾಳಿಯ ಜೊತೆ ವಾದಕ್ಕೆ ನಿಲ್ಲುವವನು ಅವನ ಗ್ರಂಥ ಓದಿರಬೇಕು. ಇದೆಲ್ಲ ಸರಿ. ಆದರೆ ಬರೀ ವಾದಕ್ಕಾಗಿ ಯಾರೂ ಐದು ವರ್ಷ ಕಲ್ಲಿನ ಮುಂದೆ ಕೂತು ಇನ್ನೊಬ್ಬರ ದೇವರ ಪದ ಒತ್ತಿಸುವುದಿಲ್ಲ. ಎಲ್ಲೋ ಒಂದು ಕಡೆ ರುಚಿ ಹತ್ತಿತ್ತು ಅನ್ನಬೇಕು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕೊಟ್ಟದ್ದು ಎಷ್ಟು ಜನರನ್ನು ಮತಕ್ಕೆ ಸೇರಿಸಿದರು ಎಂಬುದಕ್ಕಲ್ಲ, ಈ ಕನ್ನಡದ ಕೆಲಸಕ್ಕೆ.

ಇದರ ಬೆನ್ನಿಗೇ ಬಂದವರು ಫರ್ಡಿನೆಂಡ್ ಕಿಟೆಲ್, 1853ರಲ್ಲಿ. ಅವರ ನಿಘಂಟು ಹೊರಬರಲು 1894 ಆಯಿತು. ಅದು ಬೇರೆಯೇ ಒಂದು ದೊಡ್ಡ ಕತೆ.

ಕೊಡಗಿನ ಕರೆ

ಅಷ್ಟರಲ್ಲಿ ಮೊಗ್ಲಿಂಗರ ದೇಹ ಸೋತಿತ್ತು. ಊರಿಗೆ ಹೊರಡುವ ಯೋಚನೆಯೂ ಇತ್ತು. ಆಗ ಕೊಡಗಿನಿಂದ ಅಲಮಂಡ ಸೋಮಯ್ಯ ಎಂಬ ಕೊಡವರು ಮಂಗಳೂರಿಗೆ ಬಂದರು. ಕ್ರೈಸ್ತರಾಗಬೇಕು ಅಂದರು, ಆದರು. ಮರಳಿ ಹೋದರೆ ಐನ್‌ಮನೆಯಲ್ಲಿ ಜಾಗವಿಲ್ಲ. ಒಕ್ಕದವರು ಹೊರಗೆ ಹಾಕುತ್ತಾರೆ.

ಕರೆದು ಒಳಗೆ ಹಾಕಿಕೊಂಡವರು ಕೈಬಿಡುವುದು ಹೇಗೆ? ಹಡಗು ಹತ್ತಬೇಕಾದ ಪಾದ್ರಿ 1853ರಲ್ಲಿ ಘಾಟಿ ಹತ್ತಿದರು. ಮಿಶನ್ನಿನ ಕಮಿಟಿ ಮುಂಚಿತವಾಗಿ ಒಪ್ಪಿ ಕಳಿಸಿದ ಪ್ರಯಾಣವಲ್ಲ ಇದು, ತನ್ನ ಜವಾಬ್ದಾರಿಯಲ್ಲೇ ಹೋದದ್ದು. ಈಗ ಬಸ್ಸಿನಲ್ಲಿ ಸುಳ್ಯ, ಸಂಪಾಜೆ ಅಂತ ನಿದ್ದೆ ತೂಗಿಕೊಂಡು ಮಡಿಕೇರಿ ಮುಟ್ಟಬಹುದು. ಆಗ ಕಾಡು, ಜಿಗಣೆ, ಮಲೆಜ್ವರ.

ಕೊಡಗಿನ ರಾಜನನ್ನು ಕಂಪೆನಿ ಇಳಿಸಿ ಇಪ್ಪತ್ತು ವರ್ಷ ಆಗಿರಲಿಲ್ಲ. ಕೊಡವರು ಇಡೀ ಸಮುದಾಯವಾಗಿ ಬರುತ್ತಾರೆಂಬ ಆಸೆ ಪಾದ್ರಿಗೆ ಮತ್ತೆ ಚಿಗುರಿತು. ಗದಗದಲ್ಲಿ ಒಮ್ಮೆ ಸುಟ್ಟುಕೊಂಡಿದ್ದರೂ ಆಸೆ ಬಿಡಬೇಕಲ್ಲ! ಕೊಡವರು ಬರಲಿಲ್ಲ. ಅವರಿಗೆ ಅವರ ಗುರುಕಾರಣರು ಸಾಕು, ಇಗ್ಗುತ್ತಪ್ಪ ಸಾಕು. ಪಾದ್ರಿ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಕೊಡಗಿನ ಚರಿತ್ರೆ ಬರೆಯುವವರು ಈಗಲೂ ಅದನ್ನು ತೆಗೆದು ನೋಡುತ್ತಾರೆ.

ಬಂದವರು ಬೇರೆ. ಕೊಡವರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕೆ ದುಡಿಯುತ್ತಿದ್ದ ಹೊಲೆಯ ಸಮುದಾಯದ ಕುಟುಂಬಗಳು. ಭೂಮಿ ಕೈಬದಲಾದರೆ ಭೂಮಿಯ ಜೊತೆ ಇವರೂ ಹೋಗಬೇಕಾದ ಪರಿಸ್ಥಿತಿ. ದೊಡ್ಡಮನೆಯವರನ್ನು ನಿರೀಕ್ಷಿಸಿ ಬಾಗಿಲು ತೆರೆದು ಕೂತ ಪಾದ್ರಿಯ ಮುಂದೆ ಹಿತ್ತಿಲಿನವರು ಬಂದು ನಿಂತರು. ಅವರಿಗಾಗಿ ದಕ್ಷಿಣ ಕೊಡಗಿನ ಅಮ್ಮತ್ತಿ-ಸಿದ್ದಾಪುರ ಕಡೆಯಲ್ಲಿ ಒಂದು ಊರು ಮಾಡಿದರು. ಅದೇ ಆನಂದಪುರ. ತಮ್ಮದೇ ಗುಡಿಸಲು, ತಮ್ಮದೇ ಪ್ರಾರ್ಥನಾಮಂದಿರ, ಸುತ್ತ ಕಾಫಿ.

ಅವರು ದೇವರಿಗಾಗಿ ಬಂದರೋ, ಜೀತ ತಪ್ಪಿಸಿಕೊಳ್ಳಲು ಬಂದರೋ? ಈ ಪ್ರಶ್ನೆ ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳುವವರು ಜೀತ ಮಾಡಿದವರಲ್ಲ ಎಂಬುದಷ್ಟು ಖಂಡಿತ.

ವಾಪಸು

ಜೊತೆಗಾರ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನ್ ಅವರನ್ನು ಮೊಗ್ಲಿಂಗ್ ಮದುವೆಯಾದರು. ಆ ಹೆಂಗಸೂ ಗಂಡನ ಜೊತೆ ಕೊಡಗಿಗೆ ಬಂದು ಇದ್ದವರು. ಆರೋಗ್ಯ ಕೈಕೊಟ್ಟಿತು. 1860ರಲ್ಲಿ ಗಂಡಹೆಂಡಿರು ಹಡಗು ಹತ್ತಿದರು. ಮೊಗ್ಲಿಂಗ್ ಮತ್ತೆ ಈ ಕಡೆ ಬರಲಿಲ್ಲ. 1881ರ ಮೇ ತಿಂಗಳಲ್ಲಿ ಎಸ್‌ಲಿಂಗನ್ ಪಟ್ಟಣದಲ್ಲಿ ತೀರಿಕೊಂಡರು. ಮರುವರ್ಷ ಅವರ ಬದುಕಿನ ಕತೆಯನ್ನು ಬರೆದವರು ಹಳೆಯ ಗೆಳೆಯ ಹರ್ಮನ್ ಗುಂಡರ್ಟ್, ಮಲಯಾಳಕ್ಕೆ ನಿಘಂಟು ಮಾಡಿಕೊಟ್ಟವರು, ಕಾದಂಬರಿಕಾರ ಹರ್ಮನ್ ಹೆಸ್ಸೆಯ ಅಜ್ಜ.

ಆನಂದಪುರವನ್ನು ನೋಡಿಕೊಳ್ಳಲು ಉಳಿದದ್ದು ಯಾರು? ಮಂಗಳೂರಿನ ಆ ಸಾರಸ್ವತರ ಹುಡುಗ. ಮೊದಲ ಹೆಂಡತಿ ಬಾರದೆ ಉಳಿದ ಮೇಲೆ 1860ರಲ್ಲಿ ಜರ್ಮನ್ ಹೆಣ್ಣೊಬ್ಬಳನ್ನು ಮದುವೆಯಾಗಿದ್ದ ಕೌಂಡಿನ್ಯ ಪಾದ್ರಿ ಆ ಕಾಫಿ ತೋಟದ ನಡುವೆ ಮುದುಕರಾದರು. ಕರೆದುಕೊಂಡು ಹೋದ ಗುರು ಜರ್ಮನಿಯ ಮಣ್ಣಿಗೆ ಹೋದರೆ, ಹಿಂಬಾಲಿಸಿ ಹೋದ ಶಿಷ್ಯ 1893ರಲ್ಲಿ ಆನಂದಪುರದಲ್ಲಿ ಕಣ್ಣುಮುಚ್ಚಿದರು.

ಬಲ್ಮಠದ ಗುಡ್ಡದ ಮೇಲೆ ಈಗ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಉಂಟು. ಅಲ್ಲಿನ ಸಂಗ್ರಹದಲ್ಲಿ ಮಿಶನ್ನಿನ ಹಳೇ ಪುಸ್ತಕಗಳನ್ನು ಜೋಪಾನ ಮಾಡಿದ್ದಾರೆ. ಬಸ್ಸು ಇಳಿದು ಮೇಲೆ ನಡೆದರೆ ಹತ್ತು ನಿಮಿಷದ ದಾರಿಯೂ ಇಲ್ಲ.